ಮೂತ್ರದ ಮಾದರಿ: ಒಂದು ತಿಂಗಳಲ್ಲಿ ಮೂರು ರಿಪೋರ್ಟ್, ಯಾವುದನ್ನು ನಂಬುವುದು?

ಕೃಷ್ಣಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 68 ವರ್ಷ, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅವರು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನನ್ನ ತಮ್ಮನ ಜೊತೆಗಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಏಪ್ರಿಲ್‌ನಲ್ಲಿ ಅವರಿಗೆ ಉರಿಮೂತ್ರ ಶುರುವಾಗಿ, ರಾತ್ರಿ ನಾಲ್ಕೈದು ಸಲ ಏಳುವಂತಾದಾಗ ವೈದ್ಯರು ಮೂತ್ರದ ಸಾಮಾನ್ಯ ಪರೀಕ್ಷೆಯನ್ನೂ ಕಲ್ಚರನ್ನೂ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬರೆದುಕೊಟ್ಟರು. "ಬೆಳಗಿನ ಮೊದಲ ಮೂತ್ರ ತನ್ನಿ" ಎಂದಷ್ಟೇ ಹೇಳಿದ್ದರಿಂದ ಅಮ್ಮ ಐದೂವರೆಗೆ ಎದ್ದು, ತೊಳೆದಿಟ್ಟಿದ್ದ ಟಾನಿಕ್ ಬಾಟಲಿಯಲ್ಲಿ ಹಿಡಿದಿಟ್ಟರು. ತಮ್ಮ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಏಳೂವರೆಯ ಬಸ್ಸು ಹಿಡಿದು, ಪಟ್ಟಣದ ಲ್ಯಾಬಿನ ಬಾಗಿಲು ತೆರೆಯುವವರೆಗೆ ಕಾದು, ಒಂಬತ್ತೂವರೆಗೆ ಕೊಟ್ಟ.

ಸಾಮಾನ್ಯ ಪರೀಕ್ಷೆಯ ರಿಪೋರ್ಟಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 9, ನೈಟ್ರೈಟ್ ಪಾಸಿಟಿವ್, ಬ್ಯಾಕ್ಟೀರಿಯಾ ಹೇರಳ, ಪಸ್ ಸೆಲ್ (ಕೀವುಕಣ) 8ರಿಂದ 10, ಸಕ್ಕರೆ ಇಲ್ಲ ಎಂದಿತ್ತು. ಅದೇ ದಿನ ಬೆಳಿಗ್ಗೆ ಬೆರಳು ಚುಚ್ಚಿ ನೋಡಿದಾಗ ರಕ್ತದಲ್ಲಿ ಸಕ್ಕರೆ 260 ಇತ್ತು. ಎರಡು ದಿನ ಕಳೆದು ಬಂದ ಕಲ್ಚರ್ ರಿಪೋರ್ಟಿನಲ್ಲಿ "ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ, ಮಾದರಿ ಕಲುಷಿತವಾಗಿರಬಹುದು, ಮತ್ತೆ ಕಳುಹಿಸಿ" ಎಂದು ಬರೆದಿದ್ದರು. ಅಷ್ಟರಲ್ಲಿ ಆ್ಯಂಟಿಬಯೋಟಿಕ್ ಮಾತ್ರೆ ಶುರುವಾಗಿತ್ತು. ಹಾಗಾಗಿ ಎರಡನೆಯ ಮಾದರಿಯಲ್ಲಿ ಏನೂ ಬೆಳೆಯಲಿಲ್ಲ. ಮಾತ್ರೆ ಮುಗಿದು ವಾರ ಕಳೆಯುವಷ್ಟರಲ್ಲಿ ಉರಿ ಮರಳಿ ಬಂತು. ಮೂರನೆಯ ಸಲ ಬೇರೆ ಲ್ಯಾಬಿಗೆ ಕೊಟ್ಟೆವು. ಅಲ್ಲಿ "ಪಸ್ ಸೆಲ್ 20ರಿಂದ 25, ಎಪಿಥೀಲಿಯಲ್ ಸೆಲ್ ಹೇರಳ" ಎಂದು ಬಂದಿದೆ. ಇವುಗಳಲ್ಲಿ ಯಾವುದು ನಿಜ? ಲ್ಯಾಬಿನವರು ತಪ್ಪು ಮಾಡಿದರೋ, ನಾವು ಮಾಡಿದೆವೋ ಎಂಬುದೇ ತಿಳಿಯುತ್ತಿಲ್ಲ.

ಸೂಕ್ಷ್ಮದರ್ಶಕ (ಪ್ರಯೋಗಾಲಯ ತಂತ್ರಜ್ಞ, ಸರ್ಕಾರಿ ಆಸ್ಪತ್ರೆ)

ಮೊದಲ ರಿಪೋರ್ಟನ್ನು ಸುಳ್ಳೆನ್ನಲಾಗದು. ಒಂಬತ್ತೂವರೆಗೆ ಆ ಬಾಟಲಿಯಲ್ಲಿ ಏನಿತ್ತೋ ಅದನ್ನೇ ಅವರು ಬರೆದಿದ್ದಾರೆ. ಐದೂವರೆಗೆ ನಿಮ್ಮ ತಾಯಿಯ ಮೂತ್ರಕೋಶದಲ್ಲಿ ಏನಿತ್ತೆಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ.

ಮೂತ್ರ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ. ಮೈಯ ಶಾಖದಷ್ಟೇ ಬೆಚ್ಚಗಿರುವ ಜೇಬಿನಲ್ಲಿಟ್ಟು ಏಪ್ರಿಲ್‌ನ ರಾಯಚೂರಿನಲ್ಲಿ ಬಸ್ಸಿನಲ್ಲಿ ಕೊಂಡೊಯ್ದಿದ್ದೀರಿ ಎಂದರೆ, ನಮ್ಮ ಲ್ಯಾಬಿನ ಇನ್‌ಕ್ಯುಬೇಟರ್ ಮಾಡುವ ಕೆಲಸವನ್ನು ದಾರಿಯಲ್ಲೇ ಮಾಡಿಸಿದಂತಾಯಿತು. ಈ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂತ್ರದಲ್ಲಿ ನಿಧಾನವೆಂದು ಅರ್ಧ ಗಂಟೆಯನ್ನೇ ಹಿಡಿಯೋಣ: ನಾಲ್ಕು ಗಂಟೆಯಲ್ಲಿ ಎಂಟು ಸಲ ಇಮ್ಮಡಿ, ಎಂದರೆ 256 ಪಟ್ಟು. ಚರ್ಮದಿಂದ ಸೇರಿಕೊಂಡ, ಮಿಲಿಲೀಟರಿಗೆ ಬರೀ ಒಂದು ಸಾವಿರದಷ್ಟಿದ್ದ ಬ್ಯಾಕ್ಟೀರಿಯಾ ಲ್ಯಾಬ್ ಮುಟ್ಟುವ ಹೊತ್ತಿಗೆ ಎರಡೂವರೆ ಲಕ್ಷವಾಗಿರುತ್ತದೆ. ಕಲ್ಚರಿನಲ್ಲಿ ನಾವು ನೋಡುವ ಗಡಿಯೇ ಒಂದು ಲಕ್ಷ. 1950ರ ದಶಕದಲ್ಲಿ ಬೋಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಯಾಸ್ ತೋರಿಸಿಕೊಟ್ಟ ಲೆಕ್ಕ ಅದು. ಉರಿ, ಜ್ವರ ಮುಂತಾದ ಲಕ್ಷಣಗಳಿರುವವರಲ್ಲಿ ಅದಕ್ಕಿಂತ ಕಡಿಮೆ ಸಂಖ್ಯೆಗೂ ಬೆಲೆ ಕೊಡಬೇಕೆಂದು ಈಗ ಒಪ್ಪಿಕೊಂಡಿದ್ದಾರೆ. ಆದರೂ ಲೆಕ್ಕದ ಬುನಾದಿ ಅದೇ.

ಈಗ ನಿಮ್ಮ ರಿಪೋರ್ಟಿನ ಒಂದೊಂದು ಸಾಲನ್ನೂ ಈ ಕಣ್ಣಿನಿಂದ ನೋಡಿ. ದೇಹದಿಂದ ಆಗತಾನೇ ಹೊರಬಂದ ಮೂತ್ರದ ಪಿಎಚ್ ಸಾಮಾನ್ಯವಾಗಿ 4.5ರಿಂದ 8ರ ಒಳಗಿರುತ್ತದೆ. 9 ಕಂಡರೆ ನಾನು ಮೊದಲು ನೋಡುವುದು ಡಬ್ಬಿಯ ಮೇಲೆ ಬರೆದ ಸಮಯವನ್ನು. ಕೆಲವು ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಆಗ ಪಿಎಚ್ ಏರುತ್ತದೆ. ಹಳೆಯ ಮೂತ್ರದ ಘಾಟು ವಾಸನೆಯೂ ಅದರದ್ದೇ. ಹೀಗೆ ಕ್ಷಾರವಾದ ಮೂತ್ರದಲ್ಲಿ ಕೀವುಕಣಗಳೂ ಕೆಂಪು ರಕ್ತಕಣಗಳೂ ಒಡೆದುಹೋಗುತ್ತವೆ, ಆದ್ದರಿಂದ 8ರಿಂದ 10 ಎಂದು ಬರೆದಿರುವ ಪಸ್ ಸೆಲ್ ಮೊದಲು ಅದಕ್ಕಿಂತ ಹೆಚ್ಚಿದ್ದಿರಬಹುದು. ಬ್ಯಾಕ್ಟೀರಿಯಾಗಳೇ ಮಾಡುವ ನೈಟ್ರೈಟ್ ಬಾಟಲಿಯೊಳಗೇ ಹುಟ್ಟಿದ್ದಿರಬಹುದು. ಇನ್ನು ಸಕ್ಕರೆ: ರಕ್ತದಲ್ಲಿ ಅದು 180ರ ಆಸುಪಾಸು ದಾಟಿದರೆ ಮೂತ್ರಕ್ಕೆ ಇಳಿಯುತ್ತದೆ, ಹಾಗಾಗಿ 260 ಇದ್ದವರ ಮೂತ್ರದಲ್ಲಿ ಅದು ಇರಬೇಕಿತ್ತು. ದಾರಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸಿರುವ ಸಂಭವವೇ ಹೆಚ್ಚು. ಒಂದೇ ಬಾಟಲಿಯಲ್ಲಿ ಇರಬೇಕಾದ್ದು ಮಾಯವಾಗಿದೆ, ಇರಬಾರದ್ದು ಹುಟ್ಟಿಕೊಂಡಿದೆ.

ಟಾನಿಕ್ ಬಾಟಲಿಯನ್ನು ದಯವಿಟ್ಟು ಇನ್ನೊಮ್ಮೆ ಬಳಸಬೇಡಿ. ಒಳಗೆ ಅಂಟಿ ಉಳಿದ ಸಿರಪ್ಪಿನ ಸಕ್ಕರೆಯಾಗಲಿ, ತೊಳೆದ ಬ್ಲೀಚಿನ ಅಂಶವಾಗಲಿ ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ಪಿನ ಬಣ್ಣ ಕೆಡಿಸಬಲ್ಲದು. ಬ್ಲೀಚಿನಿಂದ ಇಲ್ಲದ ರಕ್ತವೂ ಇದೆ ಎಂದು ಕಾಣಿಸುತ್ತದೆ. ಕಲ್ಚರಿಗಂತೂ ಸೀಲ್ ಒಡೆಯದ ಸ್ಟೆರೈಲ್ ಡಬ್ಬಿಯೇ ಆಗಬೇಕು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ವಾರ್ಡಿನ ಅಕ್ಕ (ಶುಶ್ರೂಷಕಿ, ಹುಬ್ಬಳ್ಳಿ)

ಸಮಯದ ವಿಚಾರವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆದದ್ದೂ, ಮೂರನೆಯ ರಿಪೋರ್ಟಿನ "ಎಪಿಥೀಲಿಯಲ್ ಸೆಲ್ ಹೇರಳ" ಎಂಬುದೂ ಹಿಡಿದ ಬಗೆಯ ಕಡೆಗೇ ಬೆರಳು ತೋರಿಸುತ್ತವೆ. ಆ ಕಣಗಳು ಚರ್ಮದಿಂದಲೂ ಯೋನಿಯ ಭಾಗದಿಂದಲೂ ಕಳಚಿ ಬಂದವು. ಮೂತ್ರ ಹೊರಬರುವ ದಾರಿಯ ಸುತ್ತಲಿನದನ್ನೆಲ್ಲ ಮೊದಲ ಧಾರೆ ತೊಳೆದುಕೊಂಡು ಬರುತ್ತದೆ. ಅದನ್ನು ಹೊರಗೆ ಬಿಟ್ಟು ನಡುವಿನ ಧಾರೆಯನ್ನು ಹಿಡಿಯಬೇಕು, ಕೊನೆಯದನ್ನೂ ಹೊರಗೇ ಬಿಡಬೇಕು.

ಇದನ್ನು ಚೀಟಿಯಲ್ಲಿ "ಮಿಡ್‌ಸ್ಟ್ರೀಮ್" ಎಂದು ಬರೆದು ಕೊಟ್ಟರೆ ಯಾರಿಗೆ ತಿಳಿಯಬೇಕು? ನನ್ನ ಕೆಲಸದ ಮೊದಲ ವರ್ಷದಲ್ಲಿ ನಾನೂ ಹಾಗೆಯೇ ಹೇಳಿ, ಒಬ್ಬ ಅಜ್ಜಿ ಡಬ್ಬಿಯನ್ನು ಅಂಚಿನವರೆಗೆ ತುಂಬಿಸಿ, ಮುಚ್ಚಳ ಹಾಕಲಾಗದೆ ಎರಡೂ ಕೈಯಲ್ಲಿ ಹಿಡಿದು ಕಾರಿಡಾರಿನುದ್ದಕ್ಕೂ ಮೆಲ್ಲಗೆ ನಡೆದುಕೊಂಡು ಬಂದಿದ್ದರು. ಆಮೇಲಿಂದ ನಾನು ಹೇಳುವುದು ಹೀಗೆ: "ಯವ್ವಾ, ಮೊದಲ ಸ್ವಲ್ಪ ಕೆಳಗ ಬಿಡ್ರಿ, ಆಮ್ಯಾಲ ಡಬ್ಬಿ ಹಿಡೀರಿ, ಅರ್ಧ ಆದ ಕೂಡ್ಲೆ ತಗದು ಬಿಡ್ರಿ, ಉಳಿದದ್ದ ಮತ್ತ ಕೆಳಗ." ಹೇಳಿದ ಮೇಲೆ ಅವರ ಬಾಯಿಂದಲೇ ಒಂದು ಸಲ ತಿರುಗಿ ಹೇಳಿಸುತ್ತೇನೆ.

ನಮ್ಮ ಕುಕ್ಕರಗಾಲಿನ ಶೌಚಾಲಯದಲ್ಲಿ, ಮಂಡಿನೋವಿರುವ ವಯಸ್ಸಾದವರು ಒಂದು ಕೈಯಲ್ಲಿ ಗೋಡೆ ಹಿಡಿದು ಇನ್ನೊಂದರಲ್ಲಿ ಡಬ್ಬಿ ಹಿಡಿಯಬೇಕು. ಸೀರೆಯ ಸೆರಗೂ ಆ ಕೈಗೇ ಬರುತ್ತದೆ. ಹೀಗಾಗಿ ಮನೆಯವರೊಬ್ಬರು ಜೊತೆಗಿರಬೇಕು. ಕೈಯನ್ನು ಸಾಬೂನಿನಿಂದ ತೊಳೆದು, ಮೂತ್ರದ್ವಾರವನ್ನು ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಶುಚಿಯಾದ ಬಟ್ಟೆಯಲ್ಲಿ ಒರೆಸಿ, ಯೋನಿಯ ತುಟಿಗಳನ್ನು ಬೆರಳಿನಿಂದ ಬಿಡಿಸಿ ಹಿಡಿದುಕೊಂಡು ಮೂತ್ರ ಮಾಡಬೇಕು. ಡೆಟ್ಟಾಲ್ ಬೇಡ, ಅದು ಡಬ್ಬಿಗೆ ಬಿದ್ದರೆ ಬೆಳೆಯಬೇಕಾದ ಬ್ಯಾಕ್ಟೀರಿಯಾವೂ ಬೆಳೆಯದೆ ಹೋಗಬಹುದು. ಮುಚ್ಚಳವನ್ನು ಅಂಗಾತವಾಗಿ ಇಡಬೇಕು, ಡಬ್ಬಿಯ ಒಳಗೆ ಬೆರಳು ತಾಗಬಾರದು. ಮುಟ್ಟಿನ ದಿನಗಳಲ್ಲಿ, ಸಾಧ್ಯವಿದ್ದರೆ, ಪರೀಕ್ಷೆಯನ್ನೇ ಮುಂದಕ್ಕೆ ಹಾಕಬೇಕು.

ಲೀಡ್ಸ್ ಕನ್ನಡಿಗ

ವಾರ್ಡಿನ ಅಕ್ಕನವರ ಮಾತಿಗೆ ಒಂದು ತಕರಾರು. ತೊಳೆದು ಹಿಡಿದ ಮಾದರಿಗೂ ತೊಳೆಯದೆ ಹಿಡಿದ ನಡುಧಾರೆಯ ಮಾದರಿಗೂ ಕಲುಷಿತವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು ಹೇಳಿರುವ ಅಧ್ಯಯನಗಳೂ ಇವೆ. ತೊಳೆಯುವ ಹತ್ತು ಹೆಜ್ಜೆಗಳನ್ನು ಹೇಳಿ ಮುದುಕಿಯನ್ನು ಗಾಬರಿಗೊಳಿಸುವುದಕ್ಕಿಂತ "ಮೊದಲಿನದನ್ನು ಬಿಡಿ, ನಡುವಿನದನ್ನು ಹಿಡಿಯಿರಿ" ಎಂಬ ಒಂದೇ ಮಾತು ಮನದಟ್ಟಾದರೆ ಸಾಕಲ್ಲವೇ?

ಇಲ್ಲಿ ಬ್ರಿಟನ್ನಿನಲ್ಲಿ ನಾನು ಕಂಡಂತೆ ಕಲ್ಚರಿಗೆ ಕೆಂಪು ಮುಚ್ಚಳದ ಡಬ್ಬಿ ಕೊಡುತ್ತಾರೆ. ಅದರ ತಳದಲ್ಲಿ ಬೋರಿಕ್ ಆ್ಯಸಿಡ್ಡಿನ ಬಿಳಿ ಪುಡಿ ಇರುತ್ತದೆ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲದೆ, ಬೆಳೆಯಲೂ ಬಿಡದೆ, ಇದ್ದಲ್ಲೇ ನಿಲ್ಲಿಸಿಡುತ್ತದೆ. ಡಬ್ಬಿಯ ಮೇಲಿನ ಗೆರೆಯವರೆಗೆ ತುಂಬಿಸಲೇಬೇಕು. ಎರಡು ಚಮಚ ಮೂತ್ರಕ್ಕೆ ಅಷ್ಟೂ ಪುಡಿ ಕರಗಿದರೆ ಅದು ಗಾಢವಾಗಿ ಬ್ಯಾಕ್ಟೀರಿಯಾಗಳನ್ನೇ ಹೊಸಕಿಬಿಡಬಹುದು. ರಾಯಚೂರಿನಂಥ ದೂರಕ್ಕೂ ಬಿಸಿಲಿಗೂ ಹೇಳಿ ಮಾಡಿಸಿದ ವಸ್ತು ಅದು, ಊರಿನಲ್ಲಿ ಸಿಗುತ್ತದೆಯೇ?

ವಾರ್ಡಿನ ಅಕ್ಕ

ತಕರಾರನ್ನು ಅರ್ಧ ಒಪ್ಪುತ್ತೇನೆ. ನಡುಧಾರೆಯೇ ಮುಖ್ಯ. ಆದರೆ ಬಿಳಿಮುಟ್ಟು ಹೋಗುವವರಲ್ಲಿ, ಹೊಲದ ಕೆಲಸ ಮುಗಿಸಿ ನೇರವಾಗಿ ಆಸ್ಪತ್ರೆಗೆ ಬಂದವರಲ್ಲಿ, ಒಂದು ಚೊಂಬು ನೀರಿನಿಂದ ತೊಳೆಯುವುದರಿಂದ ನಷ್ಟವೇನೂ ಇಲ್ಲ. ಹತ್ತು ಹೆಜ್ಜೆ ನಾನೂ ಹೇಳುವುದಿಲ್ಲ.

ಸೂಕ್ಷ್ಮದರ್ಶಕ

ಬೋರಿಕ್ ಆ್ಯಸಿಡ್ ಇರುವ ಟ್ಯೂಬುಗಳು ನಮ್ಮಲ್ಲೂ ದೊಡ್ಡ ನಗರಗಳ ಲ್ಯಾಬುಗಳಲ್ಲಿವೆ, ತಾಲೂಕು ಮಟ್ಟದಲ್ಲಿ ನಾನು ಕಂಡದ್ದು ಕಡಿಮೆ. ಅದಿಲ್ಲದಿದ್ದರೆ ತಂಪೇ ಗತಿ. ಕಲ್ಚರಿನ ಮಾದರಿಯನ್ನು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಆಗದಿದ್ದರೆ ಹಿಡಿದ ಕೂಡಲೇ 2ರಿಂದ 8 ಡಿಗ್ರಿಯ ತಂಪಿನಲ್ಲಿಟ್ಟರೆ 24 ಗಂಟೆಯವರೆಗೆ ನಡೆಯುತ್ತದೆ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದರೆ ಕಣಗಳು ಒಡೆಯುತ್ತವೆ.

ಮಳೆಗಾಲದ ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ, ಸಾಗರ ತಾಲೂಕು)

ಗರ್ಭಿಣಿಯರ ತಪಾಸಣೆಯಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿಗೂ ಸಕ್ಕರೆಗೂ ನಾವು ಸ್ಟ್ರಿಪ್ಪಿನಿಂದಲೇ ನೋಡುವುದು. ಇಲ್ಲಿನ ತೊಂದರೆ ಬಿಸಿಲಿನದಲ್ಲ, ತೇವದ್ದು. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳವನ್ನು ಜುಲೈ ತಿಂಗಳಲ್ಲಿ ಒಂದು ಬೆಳಗಿನ ಮಟ್ಟಿಗೆ ತೆರೆದಿಟ್ಟರೂ ಪಟ್ಟಿಯ ಚೌಕಗಳು ಬಳಸುವ ಮೊದಲೇ ಮಾಸಲು ಬಣ್ಣಕ್ಕೆ ತಿರುಗಿರುತ್ತವೆ. ಖರ್ಚು ಉಳಿಸಲೆಂದು ಸ್ಟ್ರಿಪ್ಪನ್ನು ಉದ್ದಕ್ಕೆ ಕತ್ತರಿಸಿ ಎರಡು ಮಾಡುವವರನ್ನೂ ನೋಡಿದ್ದೇನೆ. ಅದ್ದಿ ತೆಗೆದ ಮೇಲೆ ಅಂಚನ್ನು ಡಬ್ಬಿಯ ಬಾಯಿಗೆ ಒರೆಸಿ, ಅಡ್ಡವಾಗಿ ಹಿಡಿದು, ಗಡಿಯಾರ ನೋಡಿಕೊಂಡು ಓದಬೇಕು. ನಾವು ಬಳಸುವ ಪಟ್ಟಿಯಲ್ಲಿ ಸಕ್ಕರೆಗೆ 30 ಸೆಕೆಂಡು, ಪ್ರೋಟೀನಿಗೆ 60 ಸೆಕೆಂಡು. ಕೀವುಕಣದ ಚೌಕವಿದ್ದರೆ ಎರಡು ನಿಮಿಷ. ಐದು ನಿಮಿಷ ಬಿಟ್ಟು ಬಂದು ನೋಡಿದರೆ ಎಲ್ಲ ಚೌಕವೂ ಕಡುಬಣ್ಣಕ್ಕೆ ಹೋಗಿರುತ್ತದೆ.

ಬಿಳಿಮುಟ್ಟು ಬೆರೆತರೂ ಆಲ್ಬುಮಿನ್ ಇದೆಯೆಂದು ತೋರಿಸುತ್ತದೆ. ಏಳನೆಯ ತಿಂಗಳ ಹುಡುಗಿಯೊಬ್ಬಳಿಗೆ ಹಾಗೆ ಬಂದು, ಬಿಪಿ ಸರಿಯಿದ್ದರೂ ಮನೆಯವರು ಹೆದರಿ ರಾತ್ರಿಯೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಲು ಹೊರಟಿದ್ದರು. ಅವಳ ಕೈಯಲ್ಲಿ ನಡುಧಾರೆಯ ಇನ್ನೊಂದು ಮಾದರಿ ಹಿಡಿಸಿ ನೋಡಿದಾಗ ಚೌಕ ಹಳದಿಯಾಗಿಯೇ ಉಳಿಯಿತು, ಎಂದರೆ ಆಲ್ಬುಮಿನ್ ಇಲ್ಲ. ಆದರೂ ಮರುದಿನ ವೈದ್ಯರಿಗೆ ತೋರಿಸಿದೆವು.

ಕಲ್ಲು ಕರಗದವನು (ಬೆಂಗಳೂರು)

ವಿಷಯ ಸ್ವಲ್ಪ ಬೇರೆ, ಆದರೆ ಸಂಬಂಧವಿದೆ. ಮೂತ್ರಪಿಂಡದಲ್ಲಿ ಎರಡನೆಯ ಸಲ ಕಲ್ಲಾದಾಗ ನನಗೆ 24 ಗಂಟೆಯ ಮೂತ್ರ ಸಂಗ್ರಹಿಸಲು ಹೇಳಿ ಕ್ಯಾನ್ ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಮಾಡಿದ್ದನ್ನೂ ಕ್ಯಾನಿಗೆ ಹಾಕಿ, ಮರುದಿನ ಎದ್ದಾಗ ಮಾಡಿದ್ದನ್ನೂ ಹಾಕಿ, ಬಲು ನಿಷ್ಠೆಯಿಂದ ಒಪ್ಪಿಸಿದೆ. ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) 2,300 ಮಿಲಿಗ್ರಾಂ ಬಂದಿದೆ, ಮತ್ತೆ ಸಂಗ್ರಹಿಸಿ ಎಂದರು. ಕಾರಣ ಹೇಳಲಿಲ್ಲ. ನನ್ನ ತೂಕ 70 ಕಿಲೋ.

ಸೂಕ್ಷ್ಮದರ್ಶಕ

ಕಾರಣ ನಿಮ್ಮ ಬರಹದಲ್ಲೇ ಇದೆ. ಮೊದಲ ದಿನ ಎದ್ದಾಗ ಮಾಡಿದ್ದು ಹಿಂದಿನ ರಾತ್ರಿಯ ಮೂತ್ರ. ಅದನ್ನು ಹೊರಗೆ ಬಿಟ್ಟು, ಆ ಸಮಯವನ್ನು ಬರೆದಿಟ್ಟುಕೊಂಡು, ಅಲ್ಲಿಂದಾಚೆಗಿನ ಪ್ರತಿಯೊಂದನ್ನೂ ಹಾಕುತ್ತ ಹೋಗಿ ಮರುದಿನ ಅದೇ ಸಮಯಕ್ಕೆ ಮಾಡಿದ್ದನ್ನು ಸೇರಿಸಿ ನಿಲ್ಲಿಸಬೇಕು. ನೀವು ಎರಡು ರಾತ್ರಿ ಒಂದು ಹಗಲಿನ ಮೂತ್ರ ಕೊಟ್ಟಿದ್ದೀರಿ. ವಯಸ್ಕ ಗಂಡಸರು ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 15ರಿಂದ 25 ಮಿಲಿಗ್ರಾಂ ಕ್ರಿಯಾಟಿನಿನ್ ಹೊರಹಾಕುತ್ತಾರೆ. ನಿಮ್ಮ ತೂಕಕ್ಕೆ 1,050ರಿಂದ 1,750. ಹೆಚ್ಚು ಸೇರಿದ್ದೂ, ನಡುವೆ ಒಂದು ಸಲ ಆಫೀಸಿನಲ್ಲಿ ಮರೆತು ಬಿಟ್ಟದ್ದೂ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತವೆ.

ಕ್ಯಾಲ್ಸಿಯಂ ಮುಂತಾದ ಪರೀಕ್ಷೆಗಳಿಗೆ ಕ್ಯಾನಿನೊಳಗೆ ಮೊದಲೇ ಹೈಡ್ರೋಕ್ಲೋರಿಕ್ ಆಮ್ಲ ಹಾಕಿಕೊಡುವುದುಂಟು. ತಳದಲ್ಲಿ ನೀರಿನಂಥದ್ದೇನೋ ಇದೆಯೆಂದು ಅದನ್ನು ಚೆಲ್ಲಿ, ಕ್ಯಾನನ್ನು ತೊಳೆದು ಬಳಸಿದವರಿದ್ದಾರೆ. ನೇರವಾಗಿ ಕ್ಯಾನಿಗೇ ಮೂತ್ರ ಮಾಡಹೋಗಿ ಚರ್ಮ ಸುಟ್ಟುಕೊಳ್ಳುವ ಅಪಾಯವೂ ಇದೆ. ಬೇರೆ ಮಗ್ಗಿನಲ್ಲಿ ಹಿಡಿದು ನಿಧಾನವಾಗಿ ಸುರಿಯಬೇಕು.

ಕೃಷ್ಣಾತೀರ ಅವರೇ, ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಪ್ರೋಟೀನ್ ನೋಡಲು ಈ ಸಾಹಸ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಒಂದು ಹೊತ್ತಿನ ಮೂತ್ರದಲ್ಲೇ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡುತ್ತಾರೆ. ಆದರೆ ಸೋಂಕು ಇರುವಾಗ ಅದನ್ನು ಮಾಡಿಸಿದರೆ ಹೆಚ್ಚಾಗಿ ಬರಬಹುದು, ಉರಿ ಕಳೆಯಲಿ. ಇನ್ನೊಂದು ಮಾತು: ಅಮ್ಮ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬಿಗೆ ತಿಳಿಸಿ. ಆ ಮಾತ್ರೆಯ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದು.

ಎಂಟು ತಿಂಗಳ ಕೂಸಿನ ತಾಯಿ

ಮಗುವಿಗೆ ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರದ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬಂದಿದೆ, ಆದರೆ ಮಕ್ಕಳ ವೈದ್ಯರು ಅದನ್ನು ನಂಬದೆ ಕ್ಯಾಥೆಟರ್ (ಮೂತ್ರದ್ವಾರದಲ್ಲಿ ಹಾಕುವ ಸಣ್ಣ ಕೊಳವೆ) ಹಾಕಿ ತೆಗೆಯಬೇಕು ಎನ್ನುತ್ತಿದ್ದಾರೆ. ಮಗುವಿಗೆ ಇಷ್ಟು ನೋವು ಕೊಡಬೇಕೇ?

ವಾರ್ಡಿನ ಅಕ್ಕ

ವೈದ್ಯರ ಮಾತು ಸರಿ ಇದೆ, ತಾಯಿ. ಚೀಲ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ, ಮಲದ ಅಂಶವೂ ತಾಗುತ್ತದೆ. ಆ ಚೀಲದ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ಸೋಂಕಿಲ್ಲವೆಂದು ನಂಬಬಹುದು, ಬೆಳೆದರೆ ನಂಬುವುದು ಕಷ್ಟ. ಅದನ್ನು ನಂಬಿ ಹತ್ತು ದಿನ ಔಷಧಿ ಕುಡಿಸುವುದಕ್ಕಿಂತ ಎರಡು ನಿಮಿಷದ ಅಳು ಮೇಲು. ಮಗುವಿಗೆ ಜ್ವರ ಹೆಚ್ಚಿಲ್ಲದೆ, ವೈದ್ಯರು ಕಾಯಲು ಒಪ್ಪಿದರೆ, ಹಾಲು ಕುಡಿಸಿ ಬರಿಮೈಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ತಣ್ಣೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಕೆಳಹೊಟ್ಟೆಯನ್ನು ಮೆಲ್ಲಗೆ ಉಜ್ಜುತ್ತಿರಿ. ಎಷ್ಟೋ ಸಲ ಐದು ನಿಮಿಷದಲ್ಲಿ ಬಿಡುತ್ತವೆ. ಡಬ್ಬಿಯನ್ನು ಕೈಯಲ್ಲೇ ಹಿಡಿದಿರಬೇಕು.

ಹಾಗೆಯೇ, ಮನೆಯಲ್ಲಿ ಕ್ಯಾಥೆಟರ್ ಇರುವ ಹಿರಿಯರಿದ್ದರೆ, ಕೆಳಗೆ ತೂಗುವ ಚೀಲದಿಂದ ಬಗ್ಗಿಸಿ ಕಳುಹಿಸಬೇಡಿ. ಕೊಳವೆಯಲ್ಲಿ ಸೂಜಿ ಹಾಕಲೆಂದೇ ಮಾಡಿದ ಜಾಗವಿರುತ್ತದೆ. ಅಲ್ಲಿ ಸ್ಪಿರಿಟ್ ಒರೆಸಿ ಸಿರಿಂಜಿನಲ್ಲಿ ತೆಗೆಯುವುದು ನರ್ಸಿನ ಕೆಲಸ.

ಕೃಷ್ಣಾತೀರ

ಎಲ್ಲರ ಮಾತನ್ನೂ ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೊನೆಯ ಮಾತ್ರೆ ನುಂಗಿ ಎರಡು ವಾರವಾಗಿತ್ತು, ಉರಿ ಇದ್ದೇ ಇತ್ತು. ಈ ಸಲ ಎರಡು ಸ್ಟೆರೈಲ್ ಡಬ್ಬಿ ಕೊಂಡು, ಹೆಸರು, ದಿನಾಂಕ, ಸಮಯವನ್ನು ಮುಚ್ಚಳದ ಮೇಲಲ್ಲದೆ ಡಬ್ಬಿಯ ಮೈಮೇಲೆ ಬರೆದೆವು. ನನ್ನ ನಾದಿನಿ ಜೊತೆಗೆ ನಿಂತು ಹಿಡಿಸಿದಳು. ಫ್ರಿಜ್ಜಿನಲ್ಲಿ ಇಡಲು ಅಮ್ಮ ಸುತಾರಾಂ ಒಪ್ಪಲಿಲ್ಲ, "ಅನ್ನ ಇಡೋ ಜಾಗದಾಗ ಅದನ್ನ ಇಡ್ತೀರೇನು" ಎಂದು ಗದರಿದರು. ಕೊನೆಗೆ ಅಂಗಡಿಯಿಂದ ಐಸ್ ತಂದು, ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಳೆಯ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ತಮ್ಮ ಹೊರಟ. ಹಿಡಿದದ್ದು 6.10ಕ್ಕೆ, ಲ್ಯಾಬಿಗೆ ಮುಟ್ಟಿದ್ದು 9.20ಕ್ಕೆ.

ಕಲ್ಚರಿನಲ್ಲಿ ಈ. ಕೋಲೈ ಒಂದೇ ಬೆಳೆದಿದೆ, ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಹೆಚ್ಚು. ಮೊದಲು ಕೊಟ್ಟಿದ್ದ ಮಾತ್ರೆ ಅದಕ್ಕೆ ನಾಟುವುದಿಲ್ಲವೆಂದು ಬಂದಿದ್ದು, ವೈದ್ಯರು ಬೇರೆ ಮಾತ್ರೆ ಬರೆದಿದ್ದಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಪಿಎಚ್ 6, ಸಕ್ಕರೆ ಮೂರು ಪ್ಲಸ್. ಒಂದೇ ಅನುಮಾನ ಉಳಿದಿದೆ: ಪೆಟ್ಟಿಗೆ ತೆರೆದಾಗ ಒಂದು ಡಬ್ಬಿಯ ತಳದಲ್ಲಿ ಇಟ್ಟಿಗೆ ಪುಡಿಯಂಥ ನಸುಗೆಂಪು ಗಸಿ ನಿಂತಿತ್ತಂತೆ. ಹೊರಡುವಾಗ ಮೂತ್ರ ತಿಳಿಯಾಗಿಯೇ ಇತ್ತು. ತಮ್ಮ ಅದನ್ನು ರಕ್ತವೆಂದು ಹೆದರಿದ್ದಾನೆ.

ಸೂಕ್ಷ್ಮದರ್ಶಕ

ರಿಪೋರ್ಟಿನಲ್ಲಿ ಕೆಂಪು ರಕ್ತಕಣ ಎಷ್ಟು ಬರೆದಿದ್ದಾರೆ ನೋಡಿ. ಇಲ್ಲವೆಂದಿದ್ದರೆ ಅದು ಯೂರೇಟ್ ಲವಣ. ಆಮ್ಲೀಯ ಮೂತ್ರವನ್ನು ತಂಪಿನಲ್ಲಿಟ್ಟಾಗ ಅದು ಹೀಗೆ ತಳಕ್ಕೆ ಇಳಿಯುತ್ತದೆ, ಮೂತ್ರಕ್ಕೆ ಬಣ್ಣ ಕೊಡುವ ಅಂಶ ಅದಕ್ಕೆ ಅಂಟಿ ನಸುಗೆಂಪಾಗಿ ಕಾಣುತ್ತದೆ. ನಮ್ಮಲ್ಲಿಗೆ ಬಂದಾಗ ಟ್ಯೂಬನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತೇವೆ. ಗಸಿ ಕರಗಿ ಮೂತ್ರ ಮತ್ತೆ ತಿಳಿಯಾಗುತ್ತದೆ.

ಕೃಷ್ಣಾತೀರ

ನೋಡಿದೆ. ಕೆಂಪು ರಕ್ತಕಣ "ಇಲ್ಲ" ಎಂದಿದೆ. ತಮ್ಮನಿಗೆ ಹೇಳುತ್ತೇನೆ.